ತೊಂಬತ್ತೆಂಟು ಪಾಯಿಂಟ್ ಆರು: ಒಂದು ತಪ್ಪೊಪ್ಪಿಗೆ, ಒಂದು ತಕರಾರು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರ ಬಂದಿತು. ಆತ ಈಗ ಹೊರದೇಶದಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಯೋಗಕ್ಷೇಮವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಣ್ಣ ಬಾಣವನ್ನು ಬಿಟ್ಟಿದ್ದ: "ಸಾರ್, ಮನುಷ್ಯನ ದೇಹದ ಸಾಮಾನ್ಯ ಉಷ್ಣತೆ 98.6 ಡಿಗ್ರಿ ಫ್ಯಾರನ್‌ಹೀಟ್ ಎಂದು ತಾವು ಬೋರ್ಡಿನ ಮೇಲೆ ಬರೆಸಿದ್ದಿರಿ. ಅದು ತಪ್ಪಂತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಸಂಖ್ಯಾಶಾಸ್ತ್ರದಿಂದ ಸಾಬೀತು ಮಾಡಿದ್ದಾರೆ. ಸರಿಯಾದ ಸಂಖ್ಯೆ 97.9. ಇನ್ನು ಮುಂದೆ ನಮ್ಮ ಮನೆಯಲ್ಲಿ ಅದೇ."

ಈ ಪತ್ರದ ಮೊದಲರ್ಧವನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಎರಡನೆಯ ಅರ್ಧದ ಮೇಲೆ ನನಗೆ ದೊಡ್ಡ ತಕರಾರಿದೆ. ಒಂದು ವಿಗ್ರಹವನ್ನು ಪೀಠದಿಂದಿಳಿಸಿ, ಅದೇ ಪೀಠದ ಮೇಲೆ, ಅದೇ ಭಕ್ತಿಯಿಂದ ಇನ್ನೊಂದನ್ನು ಕೂರಿಸುವುದು ವಿಜ್ಞಾನವಲ್ಲ. ಅರ್ಚಕರ ಬದಲಾವಣೆ, ಅಷ್ಟೆ. ಸರಾಸರಿಯ ಬಗೆಗಿನ ಒಂದು ಹೇಳಿಕೆಯನ್ನು ಪರೀಕ್ಷಿಸುವುದೆಂದರೇನು, ಆ ಪರೀಕ್ಷೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಅರಿಯದೆ ನಾವು ಸಂಖ್ಯೆಗಳನ್ನು ಬದಲಾಯಿಸುತ್ತ ಹೋದರೆ, ಅದರ ಬೆಲೆಯನ್ನು ತೆರುವವರು ನಮ್ಮ ಮನೆಯ ಹಿರಿಯರು. ನಮ್ಮ ಮನೆಯಲ್ಲಿ ತೆತ್ತಿದ್ದೇವೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ತಪ್ಪೊಪ್ಪಿಗೆ.

ನಾನು ಸೇವೆಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ವಿಜ್ಞಾನ ಪ್ರದರ್ಶನಕ್ಕಾಗಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ನಲವತ್ತು ಮಂದಿ ಸಹಪಾಠಿಗಳ ಉಷ್ಣತೆಯನ್ನು ಅಳೆದು, ಸರಾಸರಿ ತೆಗೆದು, ಡ್ರಾಯಿಂಗ್ ಷೀಟಿನ ಮೇಲೆ ಬಣ್ಣದ ಸ್ತಂಭಗಳನ್ನು ಎಳೆದು ತಂದಿದ್ದಳು. ಒಂದೇ ಥರ್ಮಾಮೀಟರನ್ನು ಡೆಟಾಲ್ ನೀರಿನಲ್ಲಿ ತೊಳೆತೊಳೆದು ನಲವತ್ತು ಬಾಯಿಗಳಲ್ಲಿ ಇಟ್ಟು ನೋಡಿದ್ದಳು. ಅವಳ ಸರಾಸರಿ 98.2ರ ಆಸುಪಾಸಿನಲ್ಲಿತ್ತು. ನಾನು ಷೀಟನ್ನು ನೋಡಿದವನೇ, "ನಿನ್ನ ಥರ್ಮಾಮೀಟರ್ ಸರಿಯಿಲ್ಲ, ಇಲ್ಲವೇ ಸರಿಯಾಗಿ ಹಿಡಿದಿಲ್ಲ. ಪುಸ್ತಕದಲ್ಲಿ 98.6 ಇದೆ, ತಿದ್ದು" ಎಂದೆ. ಆಕೆ ಮೆಲ್ಲಗೆ, "ಸಾರ್, ನಲವತ್ತು ಜನಾನೂ ತಪ್ಪಾಗಿರ್ತಾರಾ?" ಎಂದು ಕೇಳಿದಳು. ನಾನು ಗದರಿದೆ. ಆಕೆ ರಬ್ಬರಿನಿಂದ ಉಜ್ಜಿ ತಿದ್ದಿದಳು. ಪ್ರದರ್ಶನದಲ್ಲಿ ಬಹುಮಾನವೂ ಬಂದಿತು. ಬಹುಮಾನ ಬಂದುದು ಸುಳ್ಳಿಗೆ.

ಈಗ ಆ ಪೂಜ್ಯ ಸಂಖ್ಯೆಯ ಜಾತಕವನ್ನು ಸ್ವಲ್ಪ ನೋಡೋಣ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಕಾರ್ಲ್ ವುಂಡರ್ಲಿಖ್ ಎಂಬ ವೈದ್ಯರಿದ್ದರು. ಸುಮಾರು 25,000 ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಹತ್ತು ಲಕ್ಷಕ್ಕೂ ಹೆಚ್ಚು ಅಳತೆಗಳನ್ನು ಕಲೆಹಾಕಿದರೆಂದು ಪ್ರಸಿದ್ಧಿ. 1868ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ಆರೋಗ್ಯವಂತರ ಸರಾಸರಿ ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಎಂದು ಅವರು ಹೇಳಿದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಬೆಳಗಿಗಿಂತ ಸಂಜೆಯ ಉಷ್ಣತೆ ಹೆಚ್ಚು, ಹೆಂಗಸರದು ಕೊಂಚ ಹೆಚ್ಚು, ವೃದ್ಧರದು ಕೊಂಚ ಕಡಿಮೆ ಎಂದು ಎಚ್ಚರಿಕೆಯಿಂದ ಬರೆದರು. ನಾವು ಮಾಡಿದ್ದೇನು? ಎಚ್ಚರಿಕೆಗಳನ್ನೆಲ್ಲ ತೂರಿಬಿಟ್ಟು, ಒಂದು ಅಂಕಿಯನ್ನು ಮಾತ್ರ ಮೊರದಲ್ಲಿ ಉಳಿಸಿಕೊಂಡೆವು. ಅದನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿದೆವು, 98.6 ಬಂದಿತು. ಮೂವತ್ತೇಳು ಎಂದಾಗ ಸುಮಾರು ಎಂಬ ಧ್ವನಿಯಿತ್ತು. ದಶಮಾಂಶದ ಬಿಂದು ಬಿದ್ದೊಡನೆ ಅದಕ್ಕೆ ಶಾಸನದ ಗತ್ತು ಬಂದಿತು. ಬಿಂದುವನ್ನು ಇಟ್ಟದ್ದು ಪ್ರಕೃತಿಯಲ್ಲ, ನಮ್ಮ ಗುಣಾಕಾರ.

ನಮ್ಮ ಹಿರಿಯರಲ್ಲಿ ಹಲವರು 98.4 ಎನ್ನುತ್ತಿದ್ದುದನ್ನು ನೀವು ಕೇಳಿರಬಹುದು. ಅದು ಬ್ರಿಟಿಷರ ರೂಢಿ. ಅಂದರೆ ಒಂದೇ ಮನುಷ್ಯಕುಲದ ಒಂದೇ ಸರಾಸರಿಯ ಬಗ್ಗೆ ಎರಡು ಹೇಳಿಕೆಗಳು. ಎರಡೂ ಸರಿಯಿರಲು ಸಾಧ್ಯವಿಲ್ಲ. ಪರೀಕ್ಷೆ ಮಾಡಲೇಬೇಕು.

1992ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಫಿಲಿಪ್ ಮ್ಯಾಕೊವಿಯಾಕ್ ಮತ್ತು ಅವರ ಸಂಗಡಿಗರು ಮಾಡಿದ್ದು ಅದನ್ನೇ. 18ರಿಂದ 40 ವರ್ಷದೊಳಗಿನ 148 ಮಂದಿ ಆರೋಗ್ಯವಂತರಿಂದ, ಬಾಯಲ್ಲಿ ಥರ್ಮಾಮೀಟರ್ ಇಟ್ಟು, 700 ಅಳತೆಗಳನ್ನು ಪಡೆದರು. ಸರಾಸರಿ 98.2 ಬಂದಿತು. ಸರಿಯಾಗಿ 98.6 ಎಂದು ತೋರಿಸಿದ ಅಳತೆಗಳು ನೂರಕ್ಕೆ ಎಂಟು ಮಾತ್ರ. ಆ ಪ್ರಬಂಧದ ಚಿತ್ರಗಳ ಆಧಾರದ ಮೇಲೆ ಅಲೆನ್ ಶೂಮೇಕರ್ ಎಂಬ ಅಧ್ಯಾಪಕರು 1996ರಲ್ಲಿ, ತರಗತಿಯ ಅಭ್ಯಾಸಕ್ಕೆಂದು, 65 ಗಂಡಸರು ಮತ್ತು 65 ಹೆಂಗಸರ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಇಂದು ಜಗತ್ತಿನ ಅನೇಕ ಕಾಲೇಜುಗಳಲ್ಲಿ ಮಕ್ಕಳು ಈ ಪಟ್ಟಿಯ ಮೇಲೆಯೇ ಲೆಕ್ಕ ಕಲಿಯುತ್ತಾರೆ. ನಾವೂ ಮಾಡೋಣ. ಹೆದರಬೇಡಿ, ಭಾಗಾಕಾರ ಮತ್ತು ವರ್ಗಮೂಲ ಬಂದರೆ ಸಾಕು.

ಆ 130 ಮಂದಿಯ ಸರಾಸರಿ 98.25. ಅವರವರ ನಡುವಿನ ಹರವು, ಎಂದರೆ ಮಾನಕ ವಿಚಲನೆ, 0.73. ಒಬ್ಬ ವ್ಯಕ್ತಿಯನ್ನು ಆರಿಸಿದರೆ ಆತ ಸರಾಸರಿಯಿಂದ ಮುಕ್ಕಾಲು ಡಿಗ್ರಿ ಅತ್ತಿತ್ತ ಇರುವುದು ಸಹಜ. ಆದರೆ 130 ಮಂದಿಯನ್ನು ಒಟ್ಟಿಗೆ ಕೂಡಿಸಿದಾಗ ಹೆಚ್ಚಿನವರೂ ಕಡಿಮೆಯವರೂ ಪರಸ್ಪರ ಸರಿದೂಗಿಸುತ್ತಾರೆ. ಸರಾಸರಿ ಅಷ್ಟು ಅಲುಗಾಡುವುದಿಲ್ಲ. ಎಷ್ಟು ಅಲುಗಾಡುತ್ತದೆ? 0.73ನ್ನು 130ರ ವರ್ಗಮೂಲವಾದ 11.4ರಿಂದ ಭಾಗಿಸಿ. ಸುಮಾರು 0.064. ಇದು ಸರಾಸರಿಯ ಅಲುಗಾಟದ ಅಳತೆಗೋಲು.

ಈಗ ವಾದಿಯ ಹೇಳಿಕೆಯನ್ನು ಕ್ಷಣಕಾಲ ನಿಜವೆಂದೇ ಒಪ್ಪಿಕೊಳ್ಳೋಣ. ಇದಕ್ಕೆ ಶಾಸ್ತ್ರದಲ್ಲಿ ಪ್ರಾಕ್ಕಲ್ಪನೆ ಎನ್ನುತ್ತಾರೆ. ಸಮಸ್ತರ ಸರಾಸರಿ ನಿಜಕ್ಕೂ 98.6 ಆಗಿದ್ದರೆ, ನಮಗೆ ಸಿಕ್ಕ 98.25 ಅದಕ್ಕಿಂತ 0.35 ಕೆಳಗಿದೆ. ಅಳತೆಗೋಲಿನಿಂದ ಅಳೆದರೆ ಐದೂವರೆ ಗೋಲುಗಳ ದೂರ. ಬರಿಯ ಆಕಸ್ಮಿಕದಿಂದ ಅಷ್ಟು ದೂರ ಸರಿಯುವ ಸಂಭವ ಹತ್ತು ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆ. ಆದ್ದರಿಂದ 98.6 ಎಂಬ ಹೇಳಿಕೆ ನಿಲ್ಲುವುದಿಲ್ಲ. ಇನ್ನು 98.4? ಅದು 0.15 ದೂರ, ಎರಡೂಕಾಲು ಗೋಲುಗಳಿಗಿಂತ ತುಸು ಹೆಚ್ಚು. ಆಕಸ್ಮಿಕದಿಂದ ಹೀಗಾಗುವ ಸಂಭವ ನೂರಕ್ಕೆ ಎರಡು. ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆಯಾದರೆ ತಳ್ಳಿಹಾಕು ಎನ್ನುವವರು ಇದನ್ನೂ ತಳ್ಳುತ್ತಾರೆ. ನೂರರಲ್ಲಿ ಒಂದಕ್ಕಿಂತ ಕಡಿಮೆಯಾಗಲಿ ಎನ್ನುವವರು ಉಳಿಸಿಕೊಳ್ಳುತ್ತಾರೆ. ಇಪ್ಪತ್ತರಲ್ಲಿ ಒಂದು ಎಂಬ ಗೆರೆಯನ್ನು ಎಳೆದವರು ದೇವರಲ್ಲ. ರೊನಾಲ್ಡ್ ಫಿಷರ್ 1925ರ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆಂದು ಅದನ್ನು ಸೂಚಿಸಿದರು. ಅನುಕೂಲ ಆಚಾರವಾಯಿತು, ಆಚಾರ ಮಡಿಯಾಯಿತು.

ಇಲ್ಲೊಂದು ಹೆಸರನ್ನು ನೆನೆಯದೆ ಮುಂದೆ ಹೋಗಲಾರೆ. ಸಣ್ಣ ಮಾದರಿಗಳಿಂದ ಸರಾಸರಿಯನ್ನು ಪರೀಕ್ಷಿಸುವ ಈ ವಿಧಾನದ ಮೂಲಪುರುಷ ವಿಲಿಯಂ ಗಾಸೆಟ್, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ಉದ್ಯೋಗಿ. ಬಾರ್ಲಿಯ ತಳಿಗಳನ್ನು ಕೆಲವೇ ಮಡಿಗಳ ಇಳುವರಿಯಿಂದ ಹೋಲಿಸಬೇಕಾದ ಕಷ್ಟ ಅವರದಾಗಿತ್ತು. ಕಾರ್ಖಾನೆಯು ನೌಕರರಿಗೆ ಸ್ವಂತ ಹೆಸರಿನಲ್ಲಿ ಪ್ರಕಟಿಸಲು ಬಿಡುತ್ತಿರಲಿಲ್ಲವಾದ್ದರಿಂದ, 1908ರ ತಮ್ಮ ಪ್ರಬಂಧಕ್ಕೆ ಅವರು ಇಟ್ಟುಕೊಂಡ ಹೆಸರು ಸ್ಟೂಡೆಂಟ್, ಎಂದರೆ ವಿದ್ಯಾರ್ಥಿ. ಇಷ್ಟು ದೊಡ್ಡ ಕೆಲಸ ಮಾಡಿದವರು ತಮ್ಮನ್ನು ವಿದ್ಯಾರ್ಥಿ ಎಂದು ಕರೆದುಕೊಂಡರು; ಲೆಕ್ಕವನ್ನೇ ಮಾಡದ ನಾನು ಮೇಷ್ಟ್ರೆಂದು ಗದರಿದೆ.

ಏಕೆಂದರೆ ಆ ಹುಡುಗಿಯ ನಲವತ್ತು ಮಂದಿ ಸಾಕಾಗಿದ್ದರು! ಹರವು ಇದೇ 0.73 ಎಂದಿಟ್ಟುಕೊಂಡರೆ, 40ರ ವರ್ಗಮೂಲದಿಂದ ಭಾಗಿಸಿದಾಗ ಗೋಲಿನ ಉದ್ದ 0.115. ಅವಳ ಸರಾಸರಿ ಪುಸ್ತಕದ ಸಂಖ್ಯೆಗಿಂತ 0.4 ಕೆಳಗೆ, ಸುಮಾರು ಮೂರೂವರೆ ಗೋಲು. ಆಕಸ್ಮಿಕದ ಸಂಭವ ಸಾವಿರಕ್ಕೆ ಒಂದೋ ಎರಡೋ. ಥರ್ಮಾಮೀಟರ್ ಕೆಟ್ಟಿರಬಹುದೆಂಬ ನನ್ನ ಶಂಕೆ ನ್ಯಾಯವಾದುದೇ. ಆದರೆ ಶಂಕೆಯಿದ್ದರೆ ಇನ್ನೊಂದು ಥರ್ಮಾಮೀಟರ್ ತರಿಸಿ ಹೋಲಿಸಬೇಕಿತ್ತು. ಯಂತ್ರವನ್ನು ಪರೀಕ್ಷಿಸುವ ಬದಲು ಉತ್ತರವನ್ನು ತಿದ್ದಿಸಿದೆ. ಹಾಗೆ ನೋಡಿದರೆ ವುಂಡರ್ಲಿಖ್ ಅವರದೆಂದು ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿ ಕಾಯ್ದಿಟ್ಟಿದ್ದ ಥರ್ಮಾಮೀಟರನ್ನು ಮ್ಯಾಕೊವಿಯಾಕ್ ಮುಂದೆ ಪರಿಶೀಲಿಸಿದಾಗ, ಅದು ಇಂದಿನ ಉಪಕರಣಗಳಿಗಿಂತ ಒಂದೂವರೆಯಿಂದ ಎರಡು ಡಿಗ್ರಿ ಸೆಲ್ಸಿಯಸ್ಸಿನಷ್ಟು ಹೆಚ್ಚು ತೋರಿಸುತ್ತಿತ್ತು. ತಕ್ಕಡಿಯೇ ಓರೆಯಾಗಿದ್ದರೆ ಹತ್ತು ಸಲ ತೂಗಿದರೂ ಒಂದೇ, ಹತ್ತು ಲಕ್ಷ ಸಲ ತೂಗಿದರೂ ಒಂದೇ. ವರ್ಗಮೂಲವು ಆಕಸ್ಮಿಕವನ್ನು ಕರಗಿಸುತ್ತದೆ, ಓರೆಯನ್ನಲ್ಲ.

ಇಲ್ಲಿಯವರೆಗೆ ನನ್ನ ಶಿಷ್ಯ ತಲೆದೂಗುತ್ತಾನೆ. ಇನ್ನು ತಕರಾರು.

ಮೊದಲನೆಯದಾಗಿ, "ಸಾಬೀತು ಮಾಡಿದ್ದಾರೆ" ಎಂಬ ಮಾತು. ಪರೀಕ್ಷೆಯು 98.6 ನಿಲ್ಲುವುದಿಲ್ಲವೆಂದು ತೋರಿಸಬಲ್ಲದು. ಅದರ ಜಾಗದಲ್ಲಿ ಯಾವುದು ಶಾಶ್ವತ ಸತ್ಯ ಎಂದು ಅದು ಸಾರುವುದಿಲ್ಲ. ಆ 130 ಮಂದಿಯ ಲೆಕ್ಕ ಹೇಳುವುದಿಷ್ಟೆ: ಸರಾಸರಿಯು 98.12ರಿಂದ 98.38ರ ನಡುವೆ ಎಲ್ಲಿಯೋ ಇರಬಹುದು. ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ 2016ರಲ್ಲಿ ಒಂದು ಹೇಳಿಕೆ ಹೊರಡಿಸಿ, ಈ ಸಂಭವದ ಅಂಕಿಯು ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವವಲ್ಲ, ವ್ಯತ್ಯಾಸ ಎಷ್ಟು ದೊಡ್ಡದೆಂಬುದರ ಅಳತೆಯೂ ಅಲ್ಲ ಎಂದು ಎಚ್ಚರಿಸಬೇಕಾಯಿತು. ವಿದ್ವಾಂಸರಿಗೇ ಎಚ್ಚರಿಕೆ ಬೇಕಾದಲ್ಲಿ ನಮ್ಮ ಪಾಡೇನು?

ಎರಡನೆಯದಾಗಿ, ಯಾರ ಸರಾಸರಿ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ನಿಜ, ಆದರೆ ಅದೇ ಪಾತ್ರೆಯ ಅಗುಳಾಗಿರಬೇಕು. ಪಕ್ಕದ ಮನೆಯ ಅನ್ನವನ್ನು ಹಿಸುಕಿ ನಮ್ಮ ಒಲೆ ಆರಿಸುವುದುಂಟೆ? ಮೇರಿಲ್ಯಾಂಡಿನ ಮಾದರಿಯಲ್ಲಿ ನಲವತ್ತು ದಾಟಿದವರು ಯಾರೂ ಇರಲಿಲ್ಲ. ನನ್ನ ಶಿಷ್ಯ ಹೇಳುವ ಸ್ಟ್ಯಾನ್‌ಫರ್ಡಿನ 2023ರ ಅಧ್ಯಯನ ರೋಗಿಗಳ ಆರು ಲಕ್ಷಕ್ಕೂ ಹೆಚ್ಚು ಭೇಟಿಗಳ ದಾಖಲೆಗಳನ್ನು ನೋಡಿದ್ದು ನಿಜ. ಆದರೆ ಅವರೆಲ್ಲರೂ ಅಮೆರಿಕದ ಒಂದೇ ಆರೋಗ್ಯ ಸಂಸ್ಥೆಗೆ ಹೊರರೋಗಿಗಳಾಗಿ ಬಂದವರು. ಅಷ್ಟು ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಹರವು ಅದೇ 0.73 ಎಂದರೆ, ಆರು ಲಕ್ಷದ ಮಾದರಿಯಲ್ಲಿ ಗೋಲಿನ ಉದ್ದ ಒಂದು ಡಿಗ್ರಿಯ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಸಾವಿರದ ಎರಡು ಭಾಗದ ವ್ಯತ್ಯಾಸವೂ ಅಲ್ಲಿ "ಮಹತ್ವದ" ವ್ಯತ್ಯಾಸವೆಂದು ತೇರ್ಗಡೆಯಾಗುತ್ತದೆ. ಲೆಕ್ಕದಲ್ಲಿ ಮಹತ್ವ, ಬದುಕಿನಲ್ಲಿ ಶೂನ್ಯ.

ಮೂರನೆಯದಾಗಿ, ಸರಾಸರಿ ತಾನೇ ನಿಂತ ನೀರಲ್ಲ. ಅದೇ ಸ್ಟ್ಯಾನ್‌ಫರ್ಡಿನವರು 2020ರಲ್ಲಿ, ಅಮೆರಿಕದ ಅಂತರ್ಯುದ್ಧದ ಸೈನಿಕರಿಂದ ಹಿಡಿದು ಇತ್ತೀಚಿನವರೆಗಿನ ಸುಮಾರು 6,77,000 ಅಳತೆಗಳನ್ನು ಹೋಲಿಸಿ, ಅಲ್ಲಿನವರ ದೇಹದ ಉಷ್ಣತೆಯು ಹುಟ್ಟಿದ ದಶಕವೊಂದಕ್ಕೆ ಸುಮಾರು 0.03 ಡಿಗ್ರಿ ಸೆಲ್ಸಿಯಸ್‌ನಂತೆ ಇಳಿಯುತ್ತ ಬಂದಿದೆಯೆಂದು ಪ್ರಕಟಿಸಿದರು. ಹಾಗಿದ್ದರೆ ವುಂಡರ್ಲಿಖ್ ತಮ್ಮ ಕಾಲಕ್ಕೆ ಅಷ್ಟೇನೂ ತಪ್ಪಿರದೆಯೂ ಇರಬಹುದು. ಅಳೆದ ಜನರೇ ಬೇರೆ, ಕಾಲವೇ ಬೇರೆ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಸರಾಸರಿಯ ಬಗ್ಗೆ ಎಷ್ಟೇ ಖಚಿತವಾದ ಜ್ಞಾನವಿದ್ದರೂ, ಎದುರಿಗೆ ಕುಳಿತ ಒಬ್ಬ ವ್ಯಕ್ತಿಯ ಬಗ್ಗೆ ಅದು ಬಹಳ ಕಡಿಮೆ ಹೇಳುತ್ತದೆ. ಲೆಕ್ಕವನ್ನೇ ನೋಡಿ. ಸರಾಸರಿಯ ಅನುಮಾನದ ಅಂಗಳ ಕಾಲು ಡಿಗ್ರಿಯಷ್ಟು ಅಗಲ. ಆದರೆ ಆ 130 ಮಂದಿಯಲ್ಲಿ ಹೆಚ್ಚಿನವರು ಹರಡಿಕೊಂಡಿರುವುದು 96.8ರಿಂದ 99.7ರವರೆಗೆ, ಸುಮಾರು ಮೂರು ಡಿಗ್ರಿಯ ಅಗಲದಲ್ಲಿ. ಅವರೆಲ್ಲರೂ ಆರೋಗ್ಯವಂತರು! ಹೊಳೆಯ ಸರಾಸರಿ ಆಳ ಮೊಣಕಾಲುದ್ದವೆಂದು ಲೆಕ್ಕ ಹಾಕಿ, ಹೆಂಡತಿ ಮಕ್ಕಳನ್ನು ನೀರಿಗಿಳಿಸಿದ ಶಾನುಭೋಗನ ಕಥೆಯನ್ನು ನಿಮಗೆಲ್ಲ ತರಗತಿಯಲ್ಲಿ ಹೇಳಿ ನಗಿಸಿದ್ದೇನೆ. ಆ ಶಾನುಭೋಗನ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಲೆಕ್ಕವಲ್ಲ, ಲೆಕ್ಕದಿಂದ ಆತ ತೆಗೆದ ತೀರ್ಮಾನ.

ಆ ಕಥೆಗೆ ನಾನೀಗ ನಗುವುದಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಒಂದು ಸಂಜೆ ಮೈಯಲ್ಲಿ ಸ್ವಸ್ಥವಿರಲಿಲ್ಲ. ಎಂಬತ್ತರ ಹತ್ತಿರದ ವಯಸ್ಸು. ಮಾತು ಕಡಿಮೆಯಾಗಿತ್ತು, ಊಟ ಸೇರುತ್ತಿರಲಿಲ್ಲ, ಉಸಿರು ಸ್ವಲ್ಪ ಮೇಲಾಗಿತ್ತು. ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, "98.9, ಜ್ವರವೇನಿಲ್ಲ, ಹೆಚ್ಚುಕಡಿಮೆ ನಾರ್ಮಲ್. ವಯಸ್ಸಾಗಿದೆ, ಸುಸ್ತು" ಎಂದು ಮನೆಗೆ ಕಳಿಸಿದರು. ನಾನೂ ಜೊತೆಯಲ್ಲಿದ್ದೆ. ಮೂವತ್ತು ವರ್ಷಗಳ ಕಾಲ 98.6 ಎಂದು ಬೋಧಿಸಿದವನು ನಾನು. ಬಾಯಿ ಮುಚ್ಚಿಕೊಂಡು ತಲೆಯಾಡಿಸಿದೆ. ಮೂರನೆಯ ದಿನ ಅವಳನ್ನು ಎತ್ತಿಕೊಂಡು ಹೋಗಬೇಕಾಯಿತು. ಎರಡೂ ಶ್ವಾಸಕೋಶಗಳಲ್ಲಿ ಸೋಂಕು.

ಅವಳು ಆಸ್ಪತ್ರೆಯಲ್ಲಿದ್ದಾಗ ಬಟ್ಟೆಬರೆ ತರಲು ಮನೆಗೆ ಹೋದವನು, ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನು ಸುಮ್ಮನೆ ತಿರುವಿದೆ. ಕೊರೋನಾ ಕಾಲದಲ್ಲಿ ಮೊಮ್ಮಗಳು ಹೇಳಿಕೊಟ್ಟಿದ್ದಳಂತೆ. ಅಕ್ಕ ಆ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಏಕಾದಶಿ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಇವುಗಳ ಪಕ್ಕದಲ್ಲಿ ಪೆನ್ಸಿಲಿನ ಪುಟ್ಟ ಅಂಕಿಗಳು: 96.7, 96.9, 96.6, 96.8. ತಿಂಗಳುಗಟ್ಟಲೆ ಅಷ್ಟೇ. ಅಂದರೆ ಆ ಸಂಜೆಯ 98.9 ಅವಳ ಪಾಲಿಗೆ ಎರಡು ಡಿಗ್ರಿಯ ಏರಿಕೆ. ಸಂಜೆಯ ಉಷ್ಣತೆ ಬೆಳಗಿಗಿಂತ ತುಸು ಹೆಚ್ಚೆಂಬುದನ್ನು ಕಳೆದರೂ, ಅವಳ ಮೈ ಕೂಗಿ ಹೇಳುತ್ತಿತ್ತು. ಉತ್ತರ ಗೋಡೆಯ ಮೇಲಿತ್ತು. ನಾವು ಪುಸ್ತಕದಲ್ಲಿ ಹುಡುಕಿದೆವು.

ಇದು ನನ್ನ ಸ್ವಂತ ಸಿದ್ಧಾಂತವಲ್ಲ. ಅಮೆರಿಕದ ಸಾಂಕ್ರಾಮಿಕ ರೋಗತಜ್ಞರ ಸಂಘವು ದೀರ್ಘಕಾಲದ ಆರೈಕೆಯಲ್ಲಿರುವ ವೃದ್ಧರಿಗಾಗಿ 2008ರಲ್ಲಿ ನೀಡಿದ ಮಾರ್ಗಸೂಚಿಯಲ್ಲಿ, ಉಷ್ಣತೆ ಒಮ್ಮೆ 100 ದಾಟಿದರೆ, ಅಥವಾ ಮತ್ತೆ ಮತ್ತೆ 99 ದಾಟುತ್ತಿದ್ದರೆ, ಅಥವಾ ಆ ವ್ಯಕ್ತಿಯ ಮಾಮೂಲು ಮಟ್ಟಕ್ಕಿಂತ 2 ಡಿಗ್ರಿ ಏರಿದರೆ ಜ್ವರವೆಂದೇ ಪರಿಗಣಿಸಬೇಕೆಂದಿದೆ. ಮಾಮೂಲು ಮಟ್ಟ ಎಂಬ ಮಾತನ್ನು ಗಮನಿಸಿ. ಅದು ಯಾವ ಸಮಷ್ಟಿಯ ಸರಾಸರಿಯೂ ಅಲ್ಲ, ಅವರವರದೇ ಸರಾಸರಿ.

ಹಾಗಾದರೆ ಪರೀಕ್ಷೆ, ಲೆಕ್ಕ, ಗಾಸೆಟ್ ಎಲ್ಲ ವ್ಯರ್ಥವೇ ಎಂದು ಕೇಳುವವರಿದ್ದಾರೆ. ಸರ್ವಥಾ ಅಲ್ಲ. ಅಕ್ಕನ ಕ್ಯಾಲೆಂಡರಿನಲ್ಲಿದ್ದುದೂ ಒಂದು ಮಾದರಿಯೇ. ಅದರ ಸರಾಸರಿ ಸುಮಾರು 96.8, ಹರವು ಒಂದೆರಡು ದಶಮಾಂಶ. ಆ ಮಾದರಿಯ ಎದುರಿಗೆ 98.9ನ್ನು ಇಟ್ಟು ನೋಡಿದ್ದರೆ, ಎಂಟನೆಯ ತರಗತಿಯ ಮಗುವೂ ಇದು ಆಕಸ್ಮಿಕವಲ್ಲ ಎನ್ನುತ್ತಿತ್ತು. ವಿಧಾನ ಸರಿಯಾಗಿಯೇ ಇದೆ. ನಾವು ಕೇಳಿದ ಪ್ರಶ್ನೆ ತಪ್ಪು. "ಮನುಷ್ಯಕುಲದ ಸರಾಸರಿಗೆ ಈಕೆ ಸಮನಿದ್ದಾಳೆಯೇ?" ಎಂದು ಕೇಳಿದೆವು, "ಈಕೆ ತನ್ನ ನಿನ್ನೆಗೆ ಸಮನಿದ್ದಾಳೆಯೇ?" ಎಂದು ಕೇಳಬೇಕಿತ್ತು.

ಆದ್ದರಿಂದ, ನನ್ನ ಪ್ರೀತಿಯ ಶಿಷ್ಯನೇ, 98.6ನ್ನು ಅಳಿಸಿದ್ದಕ್ಕೆ ಶಹಬ್ಬಾಸ್. ಅಳಿಸಿದ ಜಾಗದಲ್ಲಿ 97.9 ಬರೆಯಬೇಡ. ಆ ಅಧ್ಯಯನ ಮಾಡಿದವರೇ ವಯಸ್ಸು, ಲಿಂಗ, ಎತ್ತರ, ತೂಕ, ದಿನದ ಹೊತ್ತು ಇವುಗಳಿಗೆ ತಕ್ಕಂತೆ ಸಾಮಾನ್ಯ ಎಂಬುದು ಬದಲಾಗುತ್ತದೆ ಎಂದಿದ್ದಾರೆ. ಊರಿನಲ್ಲಿ ನಿನ್ನ ತಾಯಿಯಿದ್ದಾರೆ. ಈ ಸಲ ಬಂದಾಗ ಅವರು ಚೆನ್ನಾಗಿರುವ ಒಂದು ಹದಿನೈದು ದಿನ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದೇ ಥರ್ಮಾಮೀಟರಿನಿಂದ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡು. ವೈದ್ಯರ ಬಳಿಗೆ ಹೋಗುವಾಗ ಆ ಹಾಳೆಯನ್ನು ಹರಿದುಕೊಂಡು ಹೋಗಲು ಹೇಳು. ನಾನು ವೈದ್ಯನಲ್ಲ, ಔಷಧ ಹೇಳುವ ಅಧಿಕಾರ ನನಗಿಲ್ಲ. ಆದರೆ ಅಂಕಿಯನ್ನು ಯಾವುದರ ಎದುರಿಗೆ ಇಟ್ಟು ನೋಡಬೇಕೆಂದು ಹೇಳುವುದು ಗಣಿತದ ಮೇಷ್ಟ್ರ ಕೆಲಸವೇ.

ಅಕ್ಕ ಹನ್ನೊಂದು ದಿನಗಳ ನಂತರ ಮನೆಗೆ ಬಂದಳು. ಉಳಿದಳೆಂಬುದೇ ಪುಣ್ಯ. ಆದರೆ ಆಮೇಲೆ ಊರ ಗುಡ್ಡದ ದೇವಸ್ಥಾನದ ಮೆಟ್ಟಿಲುಗಳನ್ನು ಅವಳು ಹತ್ತಲಿಲ್ಲ. ಕೆಳಗಿನಿಂದಲೇ ಕೈಮುಗಿಯುತ್ತಾಳೆ.

ಕೊನೆಯದಾಗಿ, ಡ್ರಾಯಿಂಗ್ ಷೀಟಿನ ಆ ಹುಡುಗಿ. ಈಗ ನಿನಗೂ ಮೊಮ್ಮಕ್ಕಳಿರುವ ವಯಸ್ಸು. ಎಲ್ಲಿದ್ದೀಯೋ ತಿಳಿಯದು; ನಿನ್ನ ಸಹಪಾಠಿಗಳು ಯಾರಾದರೂ ಇದನ್ನು ಓದಿದರೆ ನಿನಗೆ ತಲುಪಿಸಲಿ. ಆ ನಲವತ್ತು ಜನರೂ ತಪ್ಪಾಗಿರಲಿಲ್ಲವಮ್ಮ. ತಪ್ಪಾಗಿದ್ದವನು ಒಬ್ಬನೇ. ಆ ಬಹುಮಾನದ ಪುಸ್ತಕ ಇನ್ನೂ ನಿನ್ನ ಬಳಿ ಇದ್ದರೆ, ಅದರ ಮೊದಲ ಪುಟದಲ್ಲಿ ನಿನ್ನ ಕೈಯಾರೆ, ನೀನು ಅಳೆದ ಸಂಖ್ಯೆಯನ್ನು ಬರೆದುಕೊ.

ನಿಮ್ಮ ಗಣಿತದ ಮೇಷ್ಟ್ರು